ಡ್ರೈವರ್ ಲೋಡ್ ಆದೊಡನೆ ಮಷೀನ್ ಸ್ತಬ್ಧ: ಲಾಗ್ ಬಿಡದ ಕ್ರ್ಯಾಶ್‌ಗಳ ಜಾಡು ಹಿಡಿಯುವ ಬಗೆ

ನೀವು ಬರೆದ ಲಿನಕ್ಸ್ ಡ್ರೈವರ್‌ನ ಮಾಡ್ಯೂಲ್ (ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಸೇರುವ ಕೋಡ್) ಲೋಡ್ ಮಾಡಲು ಎಂಟರ್ ಒತ್ತುತ್ತೀರಿ. ಕರ್ಸರ್ ಅಲ್ಲೇ ನಿಲ್ಲುತ್ತದೆ. ಮೌಸ್ ಅಲುಗಾಡದು, ಕೀಬೋರ್ಡಿಗೆ ಪ್ರತಿಕ್ರಿಯೆ ಇಲ್ಲ. ಪವರ್ ಬಟನ್ ಒತ್ತಿ ಹಿಡಿದು ಮತ್ತೆ ಬೂಟ್ ಮಾಡಿ ಲಾಗ್ ತೆರೆದರೆ ಅದಕ್ಕೂ ಮುಂಚಿನ ಸಾಲುಗಳೆಲ್ಲ ಇವೆ, ಬೇಕಾದ ಸಾಲು ಮಾತ್ರ ಇಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಕೋಡ್ ತೆರೆದು ಕಂಡಕಂಡಲ್ಲಿ ಪ್ರಿಂಟ್‌ಕೆ (ಕರ್ನಲ್ ಲಾಗ್‌ಗೆ ಸಂದೇಶ ಬರೆಯುವ ಫಂಕ್ಷನ್) ಹಾಕಿ ಮತ್ತೆ ಲೋಡ್ ಮಾಡುವುದು. ಮಷೀನ್ ಮತ್ತೆ ನಿಲ್ಲುತ್ತದೆ, ಲಾಗ್ ಮತ್ತೆ ಖಾಲಿ. ಲಿನಕ್ಸ್ ಕರ್ನಲ್‌ನ ಸಂದೇಶ ಮೊದಲು ಸೇರುವುದು ರ್‍ಯಾಮ್‌ನಲ್ಲಿರುವ ಒಂದು ಬಫರ್‌ಗೆ. ಅಲ್ಲಿಂದ ಅದನ್ನು ಓದಿ ಡಿಸ್ಕ್‌ಗೆ ಬರೆಯುವುದು ಯೂಸರ್‌ಸ್ಪೇಸ್‌ನ, ಅಂದರೆ ಕರ್ನಲ್‌ನ ಹೊರಗೆ ಓಡುವ, ಲಾಗ್ ಸೇವೆ. ಕರ್ನಲ್ಲೇ ನಿಂತುಹೋದ ಮೇಲೆ ಆ ಸೇವೆಗೆ ಸಿಪಿಯು ಕೊಡುವವರು ಯಾರು? ಕರ್ನಲ್ ತನಗೇನಾಯಿತೆಂದು ಹೇಳಿಯೇ ಇರಬಹುದು. ಅದು ಡಿಸ್ಕ್ ತಲುಪಲಿಲ್ಲ, ಅಷ್ಟೆ. ಆದ್ದರಿಂದ ಕೋಡ್ ಮುಟ್ಟುವ ಮುನ್ನ ಸಾಕ್ಷಿ ಹೊರಬರಲು ದಾರಿ ಮಾಡಿ. ಈ ತಯಾರಿಗೆ ಹೋಗುವ ಸಮಯ ಮುಂದೆ ಹಲವು ಪಟ್ಟು ವಾಪಸು ಬರುತ್ತದೆ.

ಮೊದಲು ಲಕ್ಷಣ ನೋಡಿ

ರೀಸೆಟ್ ಒತ್ತುವ ಮುನ್ನ ಒಂದೆರಡು ನಿಮಿಷ ಸುಮ್ಮನೆ ಗಮನಿಸಿ. ಕ್ಯಾಪ್ಸ್‌ಲಾಕ್ ದೀಪ ತಾನಾಗಿ ಮಿನುಗುತ್ತಿದೆಯೇ? ಪಿಎಸ್/2 ಮಾದರಿಯ ಕೀಬೋರ್ಡ್‌ಗಳಲ್ಲಿ ಅದು ಪ್ಯಾನಿಕ್‌ನ (ಕರ್ನಲ್ ಮುಂದುವರಿಯಲಾರೆನೆಂದು ತಾನೇ ನಿಲ್ಲುವುದು) ಗುರುತು: ಸಂದೇಶ ಅಚ್ಚಾಗಿದೆ, ಗ್ರಾಫಿಕ್ಸ್ ಪರದೆಯ ಹಿಂದೆ ಅಡಗಿದೆ. ಕ್ಯಾಪ್ಸ್‌ಲಾಕ್ ಒತ್ತಿದರೆ ದೀಪ ಬದಲಾಗುತ್ತದೆಯೇ? ಹಾಗಿದ್ದರೆ ಇಂಟರಪ್ಟ್‌ಗಳು (ಸಿಪಿಯು ಗಮನ ಸೆಳೆಯಲು ಸಾಧನಗಳು ಕಳಿಸುವ ಸಂಕೇತಗಳು) ಇನ್ನೂ ಜೀವಂತ. ಇನ್ನೊಂದು ಕಂಪ್ಯೂಟರಿನಿಂದ ಪಿಂಗ್ ಮಾಡಿ. ಪಿಂಗ್‌ಗೆ ಉತ್ತರ ಬರುತ್ತಿದ್ದು ಎಸ್‌ಎಸ್‌ಎಚ್ ಮಾತ್ರ ಬರದಿದ್ದರೆ, ಪಿಂಗ್‌ಗೆ ಉತ್ತರಿಸುವ ಕರ್ನಲ್ ಭಾಗ ಓಡುತ್ತಿದೆ, ಯೂಸರ್‌ಸ್ಪೇಸ್‌ನ ಪ್ರಕ್ರಿಯೆಗಳು ಸಿಕ್ಕಿಬಿದ್ದಿವೆ. ಲಾಕ್‌ಗಾಗಿ (ಒಂದು ಡೇಟಾವನ್ನು ಒಮ್ಮೆಗೆ ಒಬ್ಬರೇ ಮುಟ್ಟುವಂತೆ ಹಾಕುವ ಬೀಗ) ಕಾದು ಕೂತ ಪ್ರಕರಣ ಇರಬಹುದು.

ಮಷೀನ್ ನಿಲ್ಲದೆ ಥಟ್ಟನೆ ರೀಬೂಟ್ ಆದರೆ ಗುಮಾನಿ ಬೇರೆ ಕಡೆ ಹೋಗಬೇಕು. ಎಕ್ಸ್86ನಲ್ಲಿ (ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಬಗೆ) ಅದು ಟ್ರಿಪಲ್ ಫಾಲ್ಟ್, ಅಂದರೆ ದೋಷ ನಿಭಾಯಿಸುವಾಗಲೇ ಮತ್ತೆ ಮತ್ತೆ ದೋಷ, ಆಗಿರಬಹುದು. ಆಗ ಪ್ರೊಸೆಸರ್ ಯಾವ ಹ್ಯಾಂಡ್ಲರನ್ನೂ ಓಡಿಸಲಾರದೆ ನೇರ ರೀಸೆಟ್‌ಗೆ ಹೋಗುತ್ತದೆ. ವಿದ್ಯುತ್ ಕುಸಿತವೂ ಹೀಗೇ ಕಾಣಿಸುತ್ತದೆ. ಸ್ತಬ್ಧವಾಗಿ ಪ್ರತಿಬಾರಿಯೂ ಅಷ್ಟೇ ಸೆಕೆಂಡಿನ ನಂತರ ರೀಬೂಟ್ ಆದರೆ ಅದು ಹಾರ್ಡ್‌ವೇರ್ ವಾಚ್‌ಡಾಗ್‌ನ (ಸಾಫ್ಟ್‌ವೇರ್ ಸುಳಿವಿಲ್ಲದಿದ್ದರೆ ರೀಸೆಟ್ ಮಾಡುವ ಟೈಮರ್) ಕೆಲಸವಿರಬಹುದು. ಎಂಬೆಡೆಡ್ ಬೋರ್ಡ್‌ಗಳ ಎಸ್‌ಒಸಿಯಲ್ಲಿ (ಸಿಪಿಯು, ಸಾಧನಗಳು ಒಟ್ಟಿಗಿರುವ ಚಿಪ್) ಸಾಮಾನ್ಯವಾಗಿ ರೀಸೆಟ್ ಕಾರಣವನ್ನು ಹಿಡಿದಿಡುವ ರಿಜಿಸ್ಟರ್ ಇರುತ್ತದೆ, ಅನೇಕ ಕಡೆ ಬೂಟ್‌ಲೋಡರ್ ಅದನ್ನು ಅಚ್ಚು ಮಾಡುತ್ತದೆ. ಮೊದಲು ಓದಬೇಕಾದ ಸಾಲೇ ಅದು. ಪವರ್‌ಆನ್ ರೀಸೆಟ್ ಎಂದು ಬಂದರೆ ಸಾಫ್ಟ್‌ವೇರ್ ಹುಡುಕುವ ಮೊದಲು ಪವರ್ ಸಪ್ಲೈ ನೋಡಿ.

ಸಾಕ್ಷಿಗೆ ದಾರಿ ಮಾಡಿ

ನನ್ನ ಮೊದಲ ಆಯ್ಕೆ ಯಾವಾಗಲೂ ಸೀರಿಯಲ್ ಕನ್ಸೋಲ್: ಕರ್ನಲ್ ಸಂದೇಶಗಳು ಸೀರಿಯಲ್ ತಂತಿಯಲ್ಲಿ ನೇರ ಇನ್ನೊಂದು ಮಷೀನ್‌ಗೆ ಹೋಗುತ್ತವೆ. ಬೂಟ್ ಸಾಲಿಗೆ "ಕನ್ಸೋಲ್=ಟಿಟಿವೈಎಸ್0,115200" ಸೇರಿಸಿ, ಜೊತೆಗೆ "ಇಗ್ನೋರ್_ಲಾಗ್‌ಲೆವೆಲ್" ಹಾಕಿ. ಎರಡನೆಯದು ಇಲ್ಲದಿದ್ದರೆ ಡಿಬಗ್ ಮಟ್ಟದ ಸಂದೇಶಗಳು ಬಫರ್‌ನಲ್ಲೇ ಉಳಿದು ಕನ್ಸೋಲ್‌ಗೆ ಬರುವುದಿಲ್ಲ. ಬೂಟ್‌ನ ಆರಂಭದಲ್ಲೇ ಸಾಯುವ ಡ್ರೈವರ್‌ಗೆ "ಅರ್ಲಿಕಾನ್" ಬೇಕು, ಸಸ್ಪೆಂಡ್ ವೇಳೆ ಸಾಯುವುದಕ್ಕೆ "ನೋ_ಕನ್ಸೋಲ್_ಸಸ್ಪೆಂಡ್". ಇಲ್ಲಿ ಅಗತ್ಯವಿರುವುದು ನಿಜವಾದ ಯುಎಆರ್‌ಟಿ, ಅಂದರೆ ಮಷೀನ್‌ನದ್ದೇ ಸೀರಿಯಲ್ ಪೋರ್ಟ್ ಹಾರ್ಡ್‌ವೇರ್. ಸಾಯುತ್ತಿರುವ ಮಷೀನ್‌ಗೆ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಸಿಕ್ಕಿಸಿ ಅದನ್ನೇ ಕನ್ಸೋಲ್ ಮಾಡಿಕೊಂಡರೆ ಕ್ರ್ಯಾಶ್ ಹೊತ್ತಿಗೆ ಅದು ಕೈಕೊಡುತ್ತದೆ, ಯಾಕೆಂದರೆ ಇಡೀ ಯುಎಸ್‌ಬಿ ವ್ಯವಸ್ಥೆ ಬದುಕಿದ್ದರೆ ಮಾತ್ರ ಒಂದು ಅಕ್ಷರ ಹೊರಹೋಗುತ್ತದೆ. ಓದುವ ಕಡೆಯ ಮಷೀನ್‌ನಲ್ಲಿ ಆ ಅಡಾಪ್ಟರ್ ಇದ್ದರೆ ತೊಂದರೆಯಿಲ್ಲ. ಸರ್ವರ್‌ಗಳಲ್ಲಿ ಐಪಿಎಂಐ (ದೂರದಿಂದ ಸರ್ವರ್ ನಿಯಂತ್ರಿಸುವ ವ್ಯವಸ್ಥೆ) ಮೂಲಕ ನೆಟ್‌ವರ್ಕ್ ಮೇಲೆಯೇ ಸೀರಿಯಲ್ ಸಿಗುತ್ತದೆ.

ಸೀರಿಯಲ್ ಪೋರ್ಟ್ ಇಲ್ಲದ ಲ್ಯಾಪ್‌ಟಾಪ್‌ಗೆ ನೆಟ್‌ಕನ್ಸೋಲ್ ಇದೆ. ಕರ್ನಲ್ ಸಂದೇಶಗಳನ್ನು ಯುಡಿಪಿ ಪ್ಯಾಕೆಟ್‌ಗಳಾಗಿ ಇನ್ನೊಂದು ಮಷೀನ್‌ಗೆ ಕಳಿಸುತ್ತದೆ, ಗುರಿ ಪೋರ್ಟ್ ಡಿಫಾಲ್ಟ್ ಆಗಿ 6666. ತಂತಿಯ ಈಥರ್ನೆಟ್ ಬಳಸಿ, ವೈಫೈ ನೆಚ್ಚಬೇಡಿ. ನೀವು ಬರೆಯುತ್ತಿರುವುದೇ ನೆಟ್‌ವರ್ಕ್ ಡ್ರೈವರ್ ಆಗಿದ್ದರೆ ಬೇರೆ ಕಾರ್ಡ್ ಹಾಕಿಕೊಳ್ಳಲೇಬೇಕು.

ಮೂರನೆಯದು ಪಿಸ್ಟೋರ್, ರೀಬೂಟ್ ದಾಟಿ ಉಳಿಯುವಂತೆ ಲಾಗ್ ಕಾಯುವ ಕರ್ನಲ್ ಸೌಲಭ್ಯ. ಎಂಬೆಡೆಡ್ ಕೆಲಸದಲ್ಲಿ ಇದಕ್ಕೆ ಸಾಟಿಯಿಲ್ಲ. ರಾಮ್‌ಊಪ್ಸ್ ಎಂಬ ಅದರ ಹಿಂಬದಿ (ಬ್ಯಾಕೆಂಡ್) ರ್‍ಯಾಮ್‌ನ ಒಂದು ತುಂಡನ್ನು ಕಾದಿರಿಸಿಕೊಂಡು ಅಲ್ಲಿ ಬರೆಯುತ್ತದೆ. ಕನ್ಸೋಲ್ ಭಾಗಕ್ಕೂ ಜಾಗ ಕೊಟ್ಟರೆ ಊಪ್ಸ್ (ಕರ್ನಲ್ ತನ್ನ ದೋಷ ಕಂಡು ಅಚ್ಚು ಮಾಡುವ ವರದಿ) ಆಗದಿದ್ದರೂ ಕೊನೆಯ ಸಾಲುಗಳು ಅಲ್ಲಿ ಉಳಿಯುತ್ತವೆ. ರೀಬೂಟ್ ಆದ ಮೇಲೆ "/ಸಿಸ್/ಎಫ್‌ಎಸ್/ಪಿಸ್ಟೋರ್" ಡೈರೆಕ್ಟರಿಯಲ್ಲಿ ಫೈಲ್ ಸಿಗುತ್ತದೆ. ಸಿಸ್ಟಂಡಿ ಇದ್ದರೆ ಅದು "/ವಾರ್/ಲಿಬ್/ಸಿಸ್ಟಂಡಿ/ಪಿಸ್ಟೋರ್"ಗೆ ಸಾಗಿಸಿರಬಹುದು, ಅಲ್ಲೂ ನೋಡಿ. ಆದರೆ ರ್‍ಯಾಮ್‌ಗೆ ವಿದ್ಯುತ್ ತಪ್ಪಬಾರದು. ಪವರ್ ಬಟನ್ ಒತ್ತಿ ಹಿಡಿದಿರೋ, ಸಾಕ್ಷಿಯನ್ನು ನೀವೇ ಅಳಿಸಿದಿರಿ. ರೀಸೆಟ್ ಪಿನ್ ಬಳಸಿ, ಇಲ್ಲವೇ "ಪ್ಯಾನಿಕ್=10" ಹಾಕಿ ಹತ್ತು ಸೆಕೆಂಡಿಗೆ ಅದೇ ರೀಬೂಟ್ ಆಗಲಿ. ಬೂಟ್ ವೇಳೆ ಮೆಮೊರಿ ಅಳಿಸುವ ಪಿಸಿಗಳಲ್ಲಿ ರಾಮ್‌ಊಪ್ಸ್ ಬದಲು ಇಎಫ್‌ಐ ವೇರಿಯಬಲ್ (ಪಿಸಿ ಫರ್ಮ್‌ವೇರ್‌ನ ಸಂಗ್ರಹ) ಹಿಂಬದಿ ಬಳಸಿ. ಕೆಲವು ಕರ್ನಲ್ ಬಿಲ್ಡ್‌ಗಳಲ್ಲಿ ಅದನ್ನು ಡಿಫಾಲ್ಟ್ ಆಗಿ ಮುಚ್ಚಿರುತ್ತಾರೆ, ತೆರೆಯಬೇಕು.

ಕರ್ನಲ್‌ನ ಇಡೀ ಮೆಮೊರಿಯನ್ನೇ ಉಳಿಸುವ ಕೆಡಂಪ್ ಇವೆಲ್ಲಕ್ಕಿಂತ ದೊಡ್ಡದು. "ಕ್ರ್ಯಾಶ್‌ಕರ್ನಲ್=256ಎಂ" ಎಂದು ಜಾಗ ಕಾದಿರಿಸಿದರೆ ಪ್ಯಾನಿಕ್ ಆದಾಗ ಎರಡನೇ ಕರ್ನಲ್ ಎದ್ದು ಮೊದಲನೆಯದರ ಮೆಮೊರಿಯನ್ನು ಡಿಸ್ಕ್‌ಗೆ ಉಳಿಸುತ್ತದೆ. ಆದರೆ ಆ ಎರಡನೇ ಕರ್ನಲ್ ಏಳುವಾಗ ನಿಮ್ಮ ಸಾಧನ ಇನ್ನೂ ಡಿಎಂಎ (ಸಿಪಿಯು ನೆರವಿಲ್ಲದೆ ನೇರ ಮೆಮೊರಿ ಓದು, ಬರಹ) ಮಾಡುತ್ತಲೇ, ಇಂಟರಪ್ಟ್ ಕಳಿಸುತ್ತಲೇ ಇರಬಹುದು. ನಿಮ್ಮ ಡ್ರೈವರ್ ಅಲ್ಲೂ ಲೋಡ್ ಆಗಿ ಅದನ್ನೂ ಕೊಲ್ಲದಂತೆ ಕೆಡಂಪ್‌ನ ಇನಿಟ್‌ಆರ್‌ಡಿಯಿಂದ (ಬೂಟ್ ಶುರುವಿನಲ್ಲಿ ಬಳಸುವ ಫೈಲ್‌ಗಳ ಕಟ್ಟು) ಅದನ್ನು ಹೊರಗಿಡಿ.

ಹಾಕಿದ ಬಲೆಯನ್ನು ಪರೀಕ್ಷಿಸುವುದು ಈ ಹೆಜ್ಜೆಯ ಭಾಗವೇ. ಡಿಸ್ಕ್ ಸಿಂಕ್ ಮಾಡಿ, ನಿಮ್ಮ ಡ್ರೈವರ್ ಇಲ್ಲದೆಯೇ, "/ಪ್ರಾಕ್/ಸಿಸ್‌ಆರ್‌ಕ್ಯು-ಟ್ರಿಗರ್"ಗೆ 'ಸಿ' ಅಕ್ಷರ ಬರೆಯಿರಿ. ಕರ್ನಲ್ ಬೇಕೆಂದೇ ಕ್ರ್ಯಾಶ್ ಆಗುತ್ತದೆ. ಅದರ ಜಾಡು ಸೀರಿಯಲ್‌ನಲ್ಲೋ ಪಿಸ್ಟೋರ್‌ನಲ್ಲೋ ಪೂರ್ತಿ ಸಿಕ್ಕಿತೇ? ಸಿಗದಿದ್ದರೆ ಮುಂದೆ ಹೋಗಬೇಡಿ. ಗೊತ್ತಿರುವ ಕ್ರ್ಯಾಶನ್ನೇ ಹಿಡಿಯದ ವ್ಯವಸ್ಥೆ ಗೊತ್ತಿಲ್ಲದ್ದನ್ನು ಹಿಡಿಯುವುದಿಲ್ಲ.

ಸಿಕ್ಕಿಬಿದ್ದ ಸಿಪಿಯು ತಾನೇ ಹೇಳುವಂತೆ ಮಾಡಿ

ಸ್ತಬ್ಧವಾಗುವುದು ಮತ್ತು ಪ್ಯಾನಿಕ್ ಆಗುವುದು ಬೇರೆ ಬೇರೆ. ಇಂಟರಪ್ಟ್ ಮುಚ್ಚಿಕೊಂಡು ಲೂಪ್‌ನಲ್ಲಿ ಸುತ್ತುತ್ತಿರುವ ಸಿಪಿಯು ತನ್ನ ಪಾಲಿಗೆ ಕೆಲಸ ಮಾಡುತ್ತಲೇ ಇದೆ, ದೂರುವುದಕ್ಕೆ ಅದಕ್ಕೆ ಕಾರಣವಿಲ್ಲ. ಹಾಗಾಗಿ ಕಾವಲಿಗೆ ಲಾಕಪ್ ಡಿಟೆಕ್ಟರ್ ಬೇಕು. ಕರ್ನಲ್‌ನ ವಾಚ್‌ಡಾಗ್ ಮಿತಿ ಡಿಫಾಲ್ಟ್ ಆಗಿ 10 ಸೆಕೆಂಡ್: ಅಷ್ಟು ಹೊತ್ತು ಟೈಮರ್ ಇಂಟರಪ್ಟ್‌ಗೂ ಬಗ್ಗದಿದ್ದರೆ ಹಾರ್ಡ್ ಲಾಕಪ್, ಅದರ ಎರಡು ಪಟ್ಟು, ಅಂದರೆ 20 ಸೆಕೆಂಡ್ ಕರ್ನಲ್ ಮೋಡ್ ಬಿಡದೆ ಬೇರೆ ಟಾಸ್ಕ್‌ಗೆ ಅವಕಾಶ ಕೊಡದಿದ್ದರೆ ಸಾಫ್ಟ್ ಲಾಕಪ್. ಕಾದು ಕೂತ ಟಾಸ್ಕ್‌ಗೆ 120 ಸೆಕೆಂಡ್. ಈ ಮೂರನ್ನೂ ಬರೀ ಎಚ್ಚರಿಕೆಯಾಗಿ ಬಿಡದೆ ಪ್ಯಾನಿಕ್ ಆಗುವಂತೆ ಸಿಸ್‌ಸಿಟಿಎಲ್‌ನಲ್ಲಿ (ಓಡುತ್ತಿರುವ ಕರ್ನಲ್‌ನ ಆಯ್ಕೆಗಳನ್ನು ಬದಲಿಸುವ ಸಾಧನ) ಹೊಂದಿಸಿ. ಊಪ್ಸ್ ಮತ್ತು ಆರ್‌ಸಿಯು ಸ್ಟಾಲ್‌ಗೂ (ಸಿಪಿಯು ತುಂಬ ಹೊತ್ತು ಸಿಕ್ಕಿಕೊಂಡಿದೆಯೆಂಬ ಇನ್ನೊಂದು ದೂರು) ಹಾಗೇ ಮಾಡಿ. ಪ್ಯಾನಿಕ್ ಆದರೆ ಪಿಸ್ಟೋರ್, ಕೆಡಂಪ್ ಎರಡೂ ಕೆಲಸಕ್ಕೆ ಇಳಿಯುತ್ತವೆ. ಎಚ್ಚರಿಕೆ ಮಾತ್ರ ಆದರೆ ಅದೂ ಬಫರ್‌ನಲ್ಲೇ ಸತ್ತುಹೋಗಬಹುದು.

ಎಕ್ಸ್86ನಲ್ಲಿ ಹಾರ್ಡ್ ಲಾಕಪ್ ಪತ್ತೆ ಎನ್‌ಎಂಐ (ಮುಚ್ಚಲಾಗದ ಇಂಟರಪ್ಟ್) ಆಧಾರದ್ದು, ಇಂಟರಪ್ಟ್ ಮುಚ್ಚಿದ್ದರೂ ಅದು ಒಳನುಗ್ಗುತ್ತದೆ. ಸರ್ವರ್ ಆಗಿದ್ದರೆ ಐಪಿಎಂಐನಿಂದ ಹೊರಗಿನಿಂದಲೇ ಎನ್‌ಎಂಐ ಕಳಿಸಬಹುದು, "ಅನ್‌ನೋನ್_ಎನ್‌ಎಂಐ_ಪ್ಯಾನಿಕ್" ತೆರೆದಿರಬೇಕು. ಕೀಬೋರ್ಡ್ ಇನ್ನೂ ಬದುಕಿದ್ದರೆ ಆಲ್ಟ್, ಸಿಸ್‌ಆರ್‌ಕ್ಯು (ಕರ್ನಲ್‌ಗೆ ನೇರ ಆಜ್ಞೆ ಕೊಡುವ ಕೀ), 'ಎಲ್' ಒಟ್ಟಿಗೆ ಒತ್ತಿ: ಪ್ರತಿ ಸಕ್ರಿಯ ಸಿಪಿಯು ಎಲ್ಲಿದೆಯೆಂಬ ಜಾಡು ಬರುತ್ತದೆ. 'ಡಬ್ಲ್ಯೂ' ಒತ್ತಿದರೆ ಸಿಕ್ಕಿಬಿದ್ದ ಟಾಸ್ಕ್‌ಗಳ ಪಟ್ಟಿ.

ಡಿಬಗ್ ಕರ್ನಲ್ ಕಟ್ಟಿ

ಡಿಸ್ಟ್ರಿಬ್ಯೂಷನ್ ಕೊಟ್ಟ ಕರ್ನಲ್ ಮೇಲೆ ಡ್ರೈವರ್ ಬೆಳೆಸುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಮೆಮೊರಿ ತಪ್ಪು ಹಿಡಿಯುವ ಕೆಎಸಾನ್ ತೆರೆದರೆ ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದ ಕ್ಷಣವೇ, ಮುಟ್ಟಿದ ಸಾಲಿನಲ್ಲೇ ಹಿಡಿದುಕೊಡುತ್ತದೆ. ಎಂಟನೇ ಒಂದು ಪಾಲು ಮೆಮೊರಿ ಅದಕ್ಕೇ ಹೋಗುತ್ತದೆ, ವೇಗವೂ ಇಳಿಯುತ್ತದೆ, ಹೋಗಲಿ. ಲಾಕ್‌ಗಳ ಕ್ರಮ ಕಾಯುವ ಲಾಕ್‌ಡೆಪ್ ಇನ್ನೂ ಸೊಗಸು. ಡೆಡ್‌ಲಾಕ್ (ಲಾಕ್‌ಗಾಗಿ ಕೊನೆಯಿಲ್ಲದ ಕಾಯುವಿಕೆ) ಆಗಲೇಬೇಕೆಂದಿಲ್ಲ, ಆಗಬಹುದಾದ ಕ್ರಮದಲ್ಲಿ ಲಾಕ್ ಹಿಡಿದರೂ ಸಾಕು, ಎಚ್ಚರಿಸುತ್ತದೆ. ಪ್ರಕ್ರಿಯೆಯ ಕಡೆ ಬರೀ ಸ್ಪಿನ್‌ಲಾಕ್ (ಸಿಗುವವರೆಗೆ ಸಿಪಿಯು ಸುತ್ತುತ್ತ ಕಾಯುವ ಲಾಕ್) ಹಿಡಿದು, ಅದೇ ಲಾಕನ್ನು ಇಂಟರಪ್ಟ್ ಹ್ಯಾಂಡ್ಲರ್‌ನಲ್ಲೂ ಹಿಡಿಯುವ ತಪ್ಪು ಮೌನ ಸ್ತಬ್ಧತೆಗೆ ಬಲು ಸಾಮಾನ್ಯ ಕಾರಣ: ಲಾಕ್ ಹಿಡಿದಿರುವಾಗಲೇ ಅದೇ ಸಿಪಿಯು ಮೇಲೆ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಎಂದೂ ಸಿಗದ ಲಾಕ್‌ಗೆ ಕಾಯುತ್ತದೆ. ಇಂಟರಪ್ಟ್ ಮುಚ್ಚುವ "ಐಆರ್‌ಕ್ಯುಸೇವ್" ರೂಪವೇ ಅಲ್ಲಿ ಪರಿಹಾರ, ಲಾಕ್‌ಡೆಪ್ ಇದನ್ನು ಪ್ರಯೋಗದ ಮೊದಲ ಓಟದಲ್ಲೇ ಹೇಳಿಬಿಡಬಹುದು.

ಅಟಾಮಿಕ್ ಸಂದರ್ಭದಲ್ಲಿ (ಸ್ಪಿನ್‌ಲಾಕ್ ಹಿಡಿದಾಗ, ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿ) ನಿದ್ರಿಸುವುದನ್ನು ಹಿಡಿಯುವ ಆಯ್ಕೆ, ಡಿಎಂಎ ಎಪಿಐ ಡಿಬಗ್, ಷೇರ್ಡ್ ಇಂಟರಪ್ಟ್ ಡಿಬಗ್ ಇವನ್ನೂ ಸೇರಿಸಿ. ಮಾಡ್ಯೂಲನ್ನು ಇದೇ ಕರ್ನಲ್ ಸಂರಚನೆಯ ಮೇಲೆ ಮತ್ತೆ ಕಂಪೈಲ್ ಮಾಡಬೇಕು, ಡಿಬಗ್ ಮಾಹಿತಿ ಸಮೇತ.

ಊಪ್ಸ್ ಸಿಕ್ಕಿತು, ಓದುವುದು ಹೇಗೆ?

ಹೀಗೊಂದು ಸಾಲು ಬಂತೆನ್ನಿ: ಜನರಲ್ ಪ್ರೊಟೆಕ್ಷನ್ ಫಾಲ್ಟ್, ವಿಳಾಸ ಹೆಕ್ಸ್‌ನಲ್ಲಿ 6ಬಿ6ಬಿ6ಬಿ6ಬಿ6ಬಿ6ಬಿ6ಬಿ83. ಸ್ಲಬ್ (ಕರ್ನಲ್‌ನ ಮೆಮೊರಿ ಹಂಚುವ ಭಾಗ) ಡಿಬಗ್ ತೆರೆದಿದ್ದಾಗ ಕರ್ನಲ್ ಬಿಟ್ಟುಕೊಟ್ಟ ಆಬ್ಜೆಕ್ಟ್‌ಗಳ ತುಂಬ 6ಬಿ ಬೈಟ್ ತುಂಬುತ್ತದೆ. ಅಂದರೆ ಬಿಟ್ಟುಕೊಟ್ಟ ಸ್ಟ್ರಕ್ಟ್‌ನಿಂದ ಒಂದು ಪಾಯಿಂಟರ್ ಓದಿದ್ದೀರಿ, ಅದನ್ನು ಹಿಂಬಾಲಿಸಿದ್ದೀರಿ. ಕೊನೆಯ 83ರಿಂದ 6ಬಿ ಕಳೆದರೆ ಹೆಕ್ಸ್ 18, ಅಂದರೆ 24 ಬೈಟ್. ಆ ಪಾಯಿಂಟರ್ ತೋರಬೇಕಿದ್ದ ಸ್ಟ್ರಕ್ಟ್‌ನ 24ನೇ ಬೈಟ್‌ನಲ್ಲಿ ಯಾವ ಫೀಲ್ಡ್ ಇದೆಯೆಂದು ಪಾಹೋಲ್ ಉಪಕರಣ ತೋರಿಸುತ್ತದೆ. ಒಂದೇ ಸಂಖ್ಯೆಯಿಂದ ತಪ್ಪಿನ ಬಗೆಯೂ ಸಿಕ್ಕಿತು, ಜಾಗವೂ ಹತ್ತಿರವಾಯಿತು. ವಿಳಾಸ 18 ಮಾತ್ರ ಇದ್ದು ಉಳಿದದ್ದೆಲ್ಲ ಸೊನ್ನೆಯಾಗಿದ್ದರೆ ಅದೇ ಲೆಕ್ಕ, ಪಾಯಿಂಟರ್ ನಲ್ ಅಷ್ಟೆ. ಎಕ್ಸ್86-64ನಲ್ಲಿ "ಡಿಇಎಡಿ" ಎಂದು ಶುರುವಾಗಿ 100 ಅಥವಾ 122 ಎಂದು ಮುಗಿಯುವ ವಿಳಾಸ ಕಂಡರೆ, ಲಿಸ್ಟ್‌ನಿಂದ ಈಗಾಗಲೇ ತೆಗೆದ ಅಂಶವನ್ನು ಮತ್ತೆ ಮುಟ್ಟಿದ್ದೀರಿ.

ಇನ್‌ಸ್ಟ್ರಕ್ಷನ್ ಪಾಯಿಂಟರ್ ಸಾಲಿನಲ್ಲಿ ಫಂಕ್ಷನ್ ಹೆಸರಿನ ಮುಂದೆ 4ಸಿ/120 ಥರದ ಜೋಡಿ ಇರುತ್ತದೆ: ಫಂಕ್ಷನ್ ಆರಂಭದಿಂದ ಎಷ್ಟು ದೂರ, ಫಂಕ್ಷನ್‌ನ ಒಟ್ಟು ಅಳತೆ ಎಷ್ಟು. ಕರ್ನಲ್ ಮೂಲದ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿರುವ "ಎಫ್‌ಆಡರ್2ಲೈನ್"ಗೆ ಇದನ್ನು ಕೊಟ್ಟರೆ ಸೋರ್ಸ್ ಸಾಲು ಸಿಗುತ್ತದೆ. ಹಲವು ಊಪ್ಸ್‌ಗಳು ಸಾಲಾಗಿ ಬಂದಿದ್ದರೆ ಮೊದಲನೆಯದನ್ನು ಮಾತ್ರ ನಂಬಿ, ಉಳಿದವು ಅದರ ಪರಿಣಾಮ.

ಬಲೆ ಹಾಕಿದರೂ ಏನೂ ಬೀಳದಿದ್ದರೆ

ಸಿಸ್‌ಆರ್‌ಕ್ಯು ಪರೀಕ್ಷೆ ಪಾಸಾಗಿದೆ, ಡಿಟೆಕ್ಟರ್‌ಗಳು ತೆರೆದಿವೆ, ಆದರೂ ಒಂದು ಸಾಲೂ ಇಲ್ಲ. ಇದೇ ಒಂದು ದೊಡ್ಡ ಸುಳಿವು. ಬೇರೆ ಸಿಪಿಯುಗಳೂ ಎನ್‌ಎಂಐಯೂ ಮಾತಾಡಲಾಗಲಿಲ್ಲ ಎಂದರೆ ಸಮಸ್ಯೆ ಬಸ್‌ನಲ್ಲಿ, ಮೆಮೊರಿಯಲ್ಲಿ, ಇಲ್ಲವೇ ವಿದ್ಯುತ್ತಿನಲ್ಲಿ ಇದೆ.

ಬಸ್‌ನಿಂದ ಶುರುಮಾಡಿ. ಎಆರ್‌ಎಂ ಎಸ್‌ಒಸಿಗಳಲ್ಲಿ ಕ್ಲಾಕ್ ಅಥವಾ ಪವರ್ ಡೊಮೇನ್ (ಒಟ್ಟಿಗೆ ವಿದ್ಯುತ್ ಪಡೆಯುವ ಚಿಪ್ ಭಾಗ) ಬಂದ್ ಆಗಿರುವ ಸಾಧನದ ರಿಜಿಸ್ಟರ್ ಓದಿದರೆ ಕೆಲವು ಚಿಪ್‌ಗಳು ಎಕ್ಸೆಪ್ಷನ್ ಕೊಡುತ್ತವೆ, ಕೆಲವು ಉತ್ತರಕ್ಕೆ ಕಾಯುತ್ತ ಹಾಗೇ ನಿಂತುಬಿಡುತ್ತವೆ. ಆ ಓದು ಮುಗಿಯುವವರೆಗೆ ಸಿಪಿಯು ಇನ್ನೇನನ್ನೂ ಮಾಡಲಾರದು. ಪರೀಕ್ಷೆ ಸುಲಭ: ಬೂಟ್ ಸಾಲಿಗೆ "ಸಿಎಲ್‌ಕೆ_ಇಗ್ನೋರ್_ಅನ್‌ಯೂಸ್ಡ್" ಮತ್ತು "ಪಿಡಿ_ಇಗ್ನೋರ್_ಅನ್‌ಯೂಸ್ಡ್" ಸೇರಿಸಿ. ಬಳಕೆಯಲ್ಲಿಲ್ಲದ ಕ್ಲಾಕ್, ಪವರ್ ಡೊಮೇನ್‌ಗಳನ್ನು ಬೂಟ್‌ನ ಕೊನೆಯಲ್ಲಿ ಬಂದ್ ಮಾಡುವ ಕೆಲಸವನ್ನು ಕರ್ನಲ್ ಆಗ ಮಾಡುವುದಿಲ್ಲ. ಕ್ರ್ಯಾಶ್ ಮಾಯವಾದರೆ ನಿಮ್ಮ ಡ್ರೈವರ್ ಕ್ಲಾಕ್ ಕೇಳಿ ಪಡೆಯದೆ, ಬೂಟ್‌ಲೋಡರ್ ಹಚ್ಚಿಟ್ಟಿದ್ದನ್ನೇ ನೆಚ್ಚಿಕೊಂಡಿದೆ. ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್‌ನಲ್ಲೂ ಅಷ್ಟೆ: ಸಾಧನವನ್ನು ಎಬ್ಬಿಸುವ ಕರೆ ಸಫಲವಾಯಿತೇ ಎಂದು ನೋಡದೆ ರಿಜಿಸ್ಟರ್ ಮುಟ್ಟಬೇಡಿ.

ಪಿಸಿಗಳ ಕಾರ್ಡ್‌ಗಳು ಕೂರುವ ಪಿಸಿಐಇ ಬಸ್‌ನಲ್ಲಿ ಸ್ವಭಾವ ಬೇರೆ. ಸಾಧನ ಸತ್ತಿದ್ದರೆ ಓದಿಗೆ ಸಾಮಾನ್ಯವಾಗಿ ಎಲ್ಲ ಬಿಟ್‌ಗಳೂ 1 ಆದ ಉತ್ತರ ಬರುತ್ತದೆ. "ಬ್ಯುಸಿ ಬಿಟ್ ಇಳಿಯುವವರೆಗೆ ಸುತ್ತು" ಎಂಬ ಲೂಪ್ ಬರೆದಿದ್ದರೆ ಆ ಬಿಟ್ ಇನ್ನೆಂದೂ ಇಳಿಯುವುದಿಲ್ಲ. ಟೈಮ್‌ಔಟ್ ಇಲ್ಲದ ಪೋಲಿಂಗ್ ಲೂಪ್ ಡ್ರೈವರ್‌ನಲ್ಲಿ ಇರಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕರ್ನಲ್‌ನ "ರೀಡ್‌ಎಲ್_ಪೋಲ್_ಟೈಮ್‌ಔಟ್" ಇರುವುದೇ ಇದಕ್ಕೆ. ಪಿಸಿಐಇ ಬರಹಗಳು ಪೋಸ್ಟೆಡ್ ಎಂಬುದನ್ನೂ ಮರೆಯಬೇಡಿ. ಸಿಪಿಯು ಬರೆದು ಮುಂದೆ ಹೋಗುತ್ತದೆ, ಸಾಧನಕ್ಕೆ ಅದು ತಲುಪುವುದು ಆಮೇಲೆ. ತಪ್ಪು ಬರಹದ ನಂತರದ ಪ್ರಿಂಟ್‌ಕೆ ಕೂಡ ಅಚ್ಚಾಗಿ, ಆರೋಪ ಮುಂದಿನ ಸಾಲಿನ ಮೇಲೆ ಬೀಳಬಹುದು. ಜಾಡು ಹಿಡಿಯುವ ಹೊತ್ತಿನಲ್ಲಿ ಪ್ರತಿ ಬರಹದ ಹಿಂದೆ ಅದೇ ಸಾಧನದ ಒಂದು ರಿಜಿಸ್ಟರ್ ಓದಿ, ಬರಹ ತಲುಪಿದ ಮೇಲಷ್ಟೇ ಓದು ಮುಗಿಯುತ್ತದೆ.

ಮೆಮೊರಿಯ ವಿಷಯಕ್ಕೆ ಬಂದರೆ ಡಿಎಂಎಯಷ್ಟು ಕ್ರೂರ ಇನ್ನೊಂದಿಲ್ಲ. ತಪ್ಪು ವಿಳಾಸ ಕೊಟ್ಟರೆ, ಅಥವಾ ಸಾಧನ ಇನ್ನೂ ಬರೆಯುತ್ತಿರುವಾಗ ಬಫರ್ ಬಿಟ್ಟುಕೊಟ್ಟರೆ, ಅದು ಪೇಜ್ ಟೇಬಲ್ಲನ್ನೇ ತುಳಿದುಹಾಕಬಹುದು. ಕೆಎಸಾನ್‌ಗೆ ಇದು ಕಾಣುವುದಿಲ್ಲ, ಅದು ನೋಡುವುದು ಸಿಪಿಯು ಮಾಡುವ ಪ್ರವೇಶಗಳನ್ನು ಮಾತ್ರ. ಇಲ್ಲಿ ಐಒಎಂಎಂಯು (ಸಾಧನಗಳ ಮೆಮೊರಿ ಪ್ರವೇಶ ಕಾಯುವ ಹಾರ್ಡ್‌ವೇರ್) ತೆರೆಯಿರಿ, ಪಾಸ್‌ಥ್ರೂ ಅಲ್ಲ, ಸ್ಟ್ರಿಕ್ಟ್ ಮೋಡ್‌ನಲ್ಲಿ. ಮ್ಯಾಪ್ ಮಾಡದ ವಿಳಾಸಕ್ಕೆ ಸಾಧನ ಕೈಹಾಕಿದರೆ ಆ ಬರಹ ತಡೆಹಿಡಿಯಲ್ಪಟ್ಟು, ಯಾವ ಸಾಧನ, ಯಾವ ವಿಳಾಸ ಎಂಬ ಫಾಲ್ಟ್ ಸಂದೇಶ ಬರುತ್ತದೆ. ಯಾದೃಚ್ಛಿಕ ಜಾಗಗಳಲ್ಲಿ, ನಿಮ್ಮ ಡ್ರೈವರ್‌ಗೆ ಸಂಬಂಧವೇ ಇಲ್ಲದ ಫಂಕ್ಷನ್‌ಗಳಲ್ಲಿ ಕ್ರ್ಯಾಶ್ ಆಗುತ್ತಿದ್ದರೆ ಮೊದಲು ಮಾಡಬೇಕಾದ ಪ್ರಯೋಗ ಇದೇ.

ಇಂಟರಪ್ಟ್ ಬಿರುಗಾಳಿಯದ್ದು ಇನ್ನೊಂದು ಬಗೆ. ಲೆವೆಲ್ ಮಾದರಿಯ ಇಂಟರಪ್ಟ್‌ನಲ್ಲಿ ಸಾಧನದ ಸ್ಟೇಟಸ್ ರಿಜಿಸ್ಟರ್ ತೊಳೆಯದೆ ಹ್ಯಾಂಡ್ಲರ್ ಹಿಂತಿರುಗಿದರೆ, ಮರುಕ್ಷಣವೇ ಅದು ಮತ್ತೆ ಬರುತ್ತದೆ. ಒಂದು ಲಕ್ಷ ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚನ್ನು ಯಾರೂ ತಮ್ಮದೆನ್ನದಿದ್ದರೆ ಕರ್ನಲ್ ಆ ಇಂಟರಪ್ಟ್ ಸಾಲನ್ನೇ ಮುಚ್ಚಿ ದೂರು ಅಚ್ಚು ಮಾಡುತ್ತದೆ. ಆದರೆ ನಿಮ್ಮ ಹ್ಯಾಂಡ್ಲರ್ ಸ್ಟೇಟಸ್ ನೋಡದೆಯೇ ಪ್ರತಿಬಾರಿ "ಹ್ಯಾಂಡಲ್ಡ್" ಎಂದು ಹೇಳಿದರೆ ಆ ರಕ್ಷಣೆ ಎಂದೂ ಕೆಲಸಕ್ಕೆ ಬರುವುದಿಲ್ಲ. ಇಂಟರಪ್ಟ್ ನಮ್ಮದೇ ಎಂದು ಖಾತ್ರಿಯಾದ ಮೇಲಷ್ಟೇ ಹಾಗೆ ಹೇಳಿ.

ವಿದ್ಯುತ್ತಿನ ಸಂಶಯಕ್ಕೆ ಆಸಿಲೋಸ್ಕೋಪನ್ನು ಸಪ್ಲೈ ರೈಲ್‌ಗೆ ಹಚ್ಚಿ, ಡ್ರೈವರ್ ಸಾಧನವನ್ನು ಚಾಲೂ ಮಾಡುವ ಕ್ಷಣ ವೋಲ್ಟೇಜ್ ಕುಸಿಯುತ್ತದೆಯೇ ನೋಡಿ. ಪ್ರತ್ಯೇಕ ಸಪ್ಲೈ ಕೊಟ್ಟಾಗ ಕ್ರ್ಯಾಶ್ ಹೋದರೆ ಉತ್ತರ ಸಿಕ್ಕಿತು.

ಸಾಯುವ ಸಾಲನ್ನು ಇಕ್ಕಟ್ಟಿಗೆ ತನ್ನಿ

ಈಗ ಸಾಧನ ಕಂಡಾಗ ಓಡುವ ಪ್ರೋಬ್ ಫಂಕ್ಷನ್‌ನ ನಡುವೆ ತಪ್ಪು ಕೋಡ್ ಹಿಂತಿರುಗಿಸಿ ಹೊರಬನ್ನಿ. ಬದುಕಿದರೆ ಆ ಗೆರೆಯನ್ನು ಕೆಳಗೆ ಸರಿಸಿ, ಸತ್ತರೆ ಮೇಲೆ. ಪ್ರತಿಬಾರಿಯೂ ಉಳಿದ ಭಾಗದ ಅರ್ಧಕ್ಕೆ ಇಳಿಯುತ್ತೀರಿ. ಕೊನೆಗೆ ಸಿಗುವುದು ಸಾಮಾನ್ಯವಾಗಿ ಇಂಟರಪ್ಟ್ ನೋಂದಾಯಿಸುವ ಸಾಲು ಅಥವಾ ಸಾಧನವನ್ನು ಚಾಲೂ ಮಾಡುವ ರಿಜಿಸ್ಟರ್ ಬರಹ. ನೋಂದಣಿಯ ಸಾಲಿನಲ್ಲೇ ಸತ್ತರೆ, ಹ್ಯಾಂಡ್ಲರ್ ಬಳಸುವ ಸ್ಟ್ರಕ್ಟ್ ಇನ್ನೂ ಸಿದ್ಧವಾಗಿಲ್ಲದಿರುವಾಗಲೇ ಹಿಂದಿನಿಂದ ಬಾಕಿಯಿದ್ದ ಇಂಟರಪ್ಟ್ ಬಂದು ಬಡಿದಿದೆ ಎಂದು ಶಂಕಿಸಿ.

ಪ್ರಿಂಟ್‌ಕೆ ಬಳಸುವಾಗ ಒಂದು ಎಚ್ಚರ. 115200 ವೇಗದಲ್ಲಿ ಸೆಕೆಂಡಿಗೆ ಸುಮಾರು 11,500 ಅಕ್ಷರ ಮಾತ್ರ ಹೋಗುತ್ತದೆ, ನೂರು ಅಕ್ಷರದ ಒಂದು ಸಾಲಿಗೆ 9 ಮಿಲಿಸೆಕೆಂಡ್ ಹತ್ತಿರ. ರೇಸ್ (ಯಾವುದು ಮೊದಲು ನಡೆಯಿತೆಂಬುದರ ಮೇಲೆ ನಿಂತ ದೋಷ) ಇರುವ ಕಡೆ ಅಷ್ಟು ತಡವಾದರೆ ದೋಷವೇ ಅಡಗಿಕೊಳ್ಳುತ್ತದೆ. ಅಂಥಲ್ಲಿ "ಟ್ರೇಸ್_ಪ್ರಿಂಟ್‌ಕೆ" ಬಳಸಿ ಎಫ್‌ಟ್ರೇಸ್‌ನ (ಕರ್ನಲ್‌ನ ಜಾಡು ದಾಖಲಿಸುವ ಸೌಲಭ್ಯ) ಬಫರ್‌ಗೆ ಬರೆಯಿರಿ, "ಎಫ್‌ಟ್ರೇಸ್_ಡಂಪ್_ಆನ್_ಊಪ್ಸ್" ಹಾಕಿದ್ದರೆ ಊಪ್ಸ್ ಆದಾಗ ಆ ಬಫರ್ ಕನ್ಸೋಲ್‌ಗೆ ಸುರಿಯುತ್ತದೆ. ಅದೂ ಸಾಧ್ಯವಾಗದಿದ್ದರೆ ಜಿಪಿಐಒ (ಸಾಫ್ಟ್‌ವೇರ್‌ನಿಂದ ಏರಿಳಿಸಬಹುದಾದ) ಪಿನ್ ಒಂದನ್ನು ಹಂತಹಂತದಲ್ಲಿ ಏರಿಳಿಸಿ ಲಾಜಿಕ್ ಅನಲೈಸರ್‌ನಲ್ಲಿ ಎಣಿಸಿ. ಪಿನ್ ಬದಲಿಸಲು ತಗಲುವುದು ತೀರಾ ಅಲ್ಪ ಸಮಯ. ಸಸ್ಪೆಂಡ್, ರೆಸ್ಯೂಮ್ ವೇಳೆ ಸಾಯುವ ಪಿಸಿಗಳಿಗೆ "ಪಿಎಂ_ಟ್ರೇಸ್" ಇದೆ: ಕೊನೆಯ ಹಂತದ ಗುರುತನ್ನು ಅದು ಗಡಿಯಾರದ ಚಿಪ್‌ನಲ್ಲಿ ಬಚ್ಚಿಡುತ್ತದೆ, ದಿನಾಂಕ ಕೆಡುತ್ತದೆ, ಗಾಬರಿಯಾಗಬೇಡಿ.

ಥಟ್ಟನೆ ರೀಬೂಟ್ ಆಗುವ ದೋಷವನ್ನು ಕ್ಯುಎಂಯು ಎಂಬ ವರ್ಚುವಲ್ ಮಷೀನ್‌ನಲ್ಲಿ ಮರುಕಳಿಸಲು ಸಾಧ್ಯವಾದರೆ ಅದೃಷ್ಟ. ನಿಜವಾದ ಪಿಸಿಐ ಸಾಧನವನ್ನು ವಿಎಫ್‌ಐಒ ಎಂಬ ಕರ್ನಲ್ ಸೌಲಭ್ಯದ ಮೂಲಕ ಒಳಗೆ ಕೊಟ್ಟು, ರೀಬೂಟ್ ತಡೆಯುವ ಆಯ್ಕೆಯನ್ನೂ ಸಿಪಿಯು ರೀಸೆಟ್ ಲಾಗನ್ನೂ ಹಾಕಿದರೆ ಸತ್ತ ಕ್ಷಣದ ರಿಜಿಸ್ಟರ್‌ಗಳು ಕಣ್ಣೆದುರು ನಿಲ್ಲುತ್ತವೆ.

ವಿಂಡೋಸ್‌ನಲ್ಲಿ ಬರೆಯುವವರಿಗೂ ತರ್ಕ ಇದೇ, ಉಪಕರಣ ಬೇರೆ. ಕರ್ನಲ್ ಮೆಮೊರಿ ಡಂಪ್ ತೆರೆದಿಡಿ, ಡ್ರೈವರ್ ವೆರಿಫೈಯರನ್ನು ನಿಮ್ಮ ಡ್ರೈವರ್ ಒಂದಕ್ಕೇ ಹಚ್ಚಿ, ಸ್ತಬ್ಧವಾದಾಗ ಬಲಗಡೆಯ ಕಂಟ್ರೋಲ್ ಒತ್ತಿ ಸ್ಕ್ರಾಲ್‌ಲಾಕ್ ಎರಡು ಬಾರಿ ಒತ್ತಿದರೆ ಡಂಪ್ ಬೀಳುವಂತೆ ರಿಜಿಸ್ಟ್ರಿಯಲ್ಲಿ ಮೊದಲೇ ಹೊಂದಿಸಿಕೊಳ್ಳಿ.

ಸರಿಮಾಡಿದ ಮೇಲೆ

ಒಂದು ಬಾರಿ ಲೋಡ್ ಆಯಿತೆಂದು ನಿಲ್ಲಿಸಬೇಡಿ. ಡೇಟಾ ಹರಿಯುತ್ತಿರುವಾಗಲೇ ಮಾಡ್ಯೂಲ್ ತೆಗೆದು ಹಾಕುವ ಲೂಪನ್ನು ರಾತ್ರಿಯಿಡೀ ಓಡಿಸಿ. ಮಾಡ್ಯೂಲ್ ತೆಗೆಯುವಾಗ ಓಡುವ ರಿಮೂವ್ ಹಾದಿಯಲ್ಲಿ ಅಡಗಿರುವ ದೋಷಗಳು ಪ್ರೋಬ್‌ಗಿಂತ ಕಡಿಮೆಯಿಲ್ಲ. ಟೈಮರ್ ಮತ್ತು ವರ್ಕ್‌ಕ್ಯೂಗಳನ್ನು (ಆಮೇಲೆ ಮಾಡಲೆಂದು ಮುಂದೂಡಿದ ಕೆಲಸಗಳ ಸರತಿ) ಮುಗಿಯುವವರೆಗೆ ಕಾದು ನಿಲ್ಲಿಸಿದ್ದೀರಾ? ಇಂಟರಪ್ಟನ್ನು ಡೆವ್‌ಎಂ ಬಗೆಯಲ್ಲಿ (ಬಿಡುಗಡೆಯನ್ನು ಕರ್ನಲ್ಲೇ ನೋಡಿಕೊಳ್ಳುವ ರೂಪ) ಪಡೆದು, ಸ್ಟ್ರಕ್ಟನ್ನು ಮಾತ್ರ ರಿಮೂವ್‌ನಲ್ಲಿ ಕೈಯಾರೆ ಬಿಟ್ಟುಕೊಟ್ಟಿದ್ದೀರಾ? ಹಾಗಿದ್ದರೆ ಇಂಟರಪ್ಟ್ ಬಿಡುಗಡೆಯಾಗುವುದು ರಿಮೂವ್ ಮುಗಿದ ಮೇಲೆ, ಆ ಸಂದಿಯಲ್ಲಿ ಬಂದ ಇಂಟರಪ್ಟ್ ಸತ್ತ ಸ್ಟ್ರಕ್ಟನ್ನು ಮುಟ್ಟುತ್ತದೆ. ಸ್ಟ್ರಕ್ಟನ್ನೂ ಇಂಟರಪ್ಟ್‌ಗಿಂತ ಮೊದಲೇ ಡೆವ್‌ಎಂ ಬಗೆಯಲ್ಲಿ ಪಡೆದರೆ ಬಿಡುಗಡೆ ಹಿಮ್ಮುಖ ಕ್ರಮದಲ್ಲಿ ತಾನಾಗಿ ಸರಿಯಾಗುತ್ತದೆ.

ಡಿಬಗ್ ಕರ್ನಲ್‌ನಲ್ಲಿ ಪಾಸಾದ ಡ್ರೈವರನ್ನು ಮಾಮೂಲಿ ಕರ್ನಲ್‌ನಲ್ಲೂ ಓಡಿಸಿ, ವೇಗ ಬದಲಾದಾಗ ಬೇರೆ ರೇಸ್‌ಗಳು ಎದ್ದುಬರುತ್ತವೆ. ಉತ್ಪನ್ನದೊಳಗೆ ಹೋಗುವ ಕರ್ನಲ್‌ನಲ್ಲಿ ಕೆಎಸಾನ್ ಇಡಲಾಗದು, ಆದರೆ 5.12ರಿಂದ ಬಂದಿರುವ ಕೆಫೆನ್ಸ್ ಅಲ್ಲಿಗೆಂದೇ ಮಾಡಿದ್ದು: ಕೆಲವೇ ಅಲೊಕೇಷನ್‌ಗಳನ್ನು ಆರಿಸಿ ಕಾಯುವುದರಿಂದ ಹೊರೆ ಬಲು ಕಡಿಮೆ. ಅದನ್ನೂ, ರಾಮ್‌ಊಪ್ಸ್‌ನ ಮೆಮೊರಿ ತುಂಡನ್ನೂ ಅಲ್ಲೇ ಬಿಡಿ.